ಪಣಜಿಯಲ್ಲಿ ಕ್ಯಾಸಿನೊ ಬಿಟ್ಟು ಮೂರು ದಿನ: ಎಲ್ಲಿ ಉಣ್ಣುವುದು, ಎಲ್ಲಿ ತಿರುಗುವುದು?

ಸಂಪಿಗೆ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಯಜಮಾನರು ಮತ್ತು ಅವರ ಮೂವರು ಗೆಳೆಯರು ಪಣಜಿಗೆ ಹೊರಟಿದ್ದಾರೆ. ಶನಿವಾರ ಬೆಳಿಗ್ಗೆ ತಲುಪಿ ಸೋಮವಾರ ಸಂಜೆ ಹುಬ್ಬಳ್ಳಿಗೆ ವಾಪಸು. ನಮ್ಮನ್ನೂ ಕರೆದಿದ್ದಾರೆ. ಕರೆದದ್ದು ಸಂತೋಷವೇ, ಆದರೆ ಎರಡು ವರ್ಷದ ಹಿಂದೆ ಹೀಗೇ ಹೋಗಿ ಪಟ್ಟ ಪಾಡು ನನಗೆ ಇನ್ನೂ ಮರೆತಿಲ್ಲ. ಸಂಜೆ ಏಳಕ್ಕೆ ಗಂಡಸರು ನದಿಯಲ್ಲಿ ನಿಂತ ಕ್ಯಾಸಿನೊ ಹಡಗಿಗೆ ಹೋದರೆ ಬರುತ್ತಿದ್ದದ್ದು ಬೆಳಗಿನ ಜಾವ ನಾಲ್ಕಕ್ಕೆ. ಆಮೇಲೆ ಮಧ್ಯಾಹ್ನದವರೆಗೆ ನಿದ್ದೆ. ನಾನು, ಅತ್ತೆ, ಮಗಳು ಕೋಣೆಯಲ್ಲಿ ಟಿವಿ ನೋಡುತ್ತಾ ಕುಳಿತೆವು. ಲಾಡ್ಜಿನ ಕೆಳಗಿದ್ದ ಹೋಟೆಲಿನಲ್ಲಿ ಹೊತ್ತು ಹೊತ್ತಿಗೂ ಅದೇ ಪನೀರ್ ಬಟರ್ ಮಸಾಲ, ಸೀದುಹೋದ ನಾನ್. ಕೊನೆಯ ದಿನ ಅತ್ತೆ, 'ಗೋಡೆ ನೋಡುವುದಕ್ಕೆ ಇಷ್ಟು ದೂರ ಬರಬೇಕಿತ್ತೇನವ್ವ' ಎಂದು ಕೇಳಿದಾಗ ನನಗೆ ಅಳುವೇ ಬಂದಿತ್ತು.

ಈ ಸಲ ಗಂಡಸರು ಅವರ ಪಾಡಿಗೆ ಹೋಗಲಿ, ನಾವು ನಮ್ಮ ಪಾಡಿಗೆ ಊರು ನೋಡಬೇಕು ಎಂದು ನಿರ್ಧಾರ ಮಾಡಿದ್ದೇನೆ. ಅತ್ತೆಗೆ 72 ವರ್ಷ, ಮಂಡಿನೋವು, ಮೆಟ್ಟಿಲು ಹತ್ತುವುದು ಕಷ್ಟ. ಮೀನು, ಮಾಂಸ ಬಿಟ್ಟು ಹತ್ತು ವರ್ಷವಾಯಿತು. ಬೇರೆಯವರು ಪಕ್ಕದಲ್ಲಿ ಕುಳಿತು ತಿಂದರೆ ಅವರಿಗೆ ಬೇಸರವಿಲ್ಲ. ನಾನು ಮತ್ತು ಮಗಳು ಎಲ್ಲವನ್ನೂ ತಿನ್ನುತ್ತೇವೆ. ಮಗಳಿಗೆ 13, ಕೈಯಲ್ಲಿ ಯಾವಾಗಲೂ ಚಿತ್ರದ ಪುಸ್ತಕ. ನಮ್ಮ ಹತ್ತಿರ ಕಾರು ಇರುವುದಿಲ್ಲ. ಅಲ್ಲಿಯ ಜನ ಏನು ತಿನ್ನುತ್ತಾರೆ, ಸಂಜೆ ಹೊತ್ತು ಎಲ್ಲಿಗೆ ಹೋಗುತ್ತಾರೆ? ತಿಳಿದವರು ದಯವಿಟ್ಟು ಹೇಳಿ.

ಬೆಂಗಳೂರು ದಕ್ಷಿಣ
ಬಾಗಾ, ಕಲಂಗುಟ್ ಬೀಚುಗಳ ಕಡೆಗೆ ಹೋಗಿಬಿಡಿ ಅಕ್ಕ. ಪಣಜಿಯಲ್ಲಿ ಏನೂ ಇಲ್ಲ.

ಪಣಜಿವಾಸಿ
ಮೇಲಿನವರ ಮಾತನ್ನು ದಯವಿಟ್ಟು ಕೇಳಬೇಡಿ. ನಾನು ಗದಗಿನವನು, 2009ರಿಂದ ಪಣಜಿಯಲ್ಲೇ ಕೆಲಸ, ಇಲ್ಲೇ ಮನೆ. ಇಲ್ಲಿ ಏನೂ ಇಲ್ಲ ಎನ್ನುವವರು ಕ್ಯಾಸಿನೊ ಜೆಟ್ಟಿಯಿಂದ ಲಾಡ್ಜಿಗೆ, ಲಾಡ್ಜಿನಿಂದ ಜೆಟ್ಟಿಗೆ ಓಡಾಡಿದವರು. ಪಣಜಿ ಚಿಕ್ಕ ಊರು, ಕಾಲ್ನಡಿಗೆಯಲ್ಲೇ ಮುಗಿಯುತ್ತದೆ. ನಿಮ್ಮ ಅತ್ತೆಯವರಿಗೆ ಇದಕ್ಕಿಂತ ಅನುಕೂಲದ ಊರು ಗೋವಾದಲ್ಲಿ ಬೇರೆ ಇಲ್ಲ. 72 ವರ್ಷದವರನ್ನು ಬಾಗಾದ ಗದ್ದಲಕ್ಕೆ ಏಕೆ ಕರೆದೊಯ್ಯಬೇಕು?

ಒಂದು ಮಾತು ಮೊದಲೇ ಹೇಳುತ್ತೇನೆ. ಇಲ್ಲಿ ಹೊತ್ತಿನ ಲೆಕ್ಕ ನಮ್ಮ ಕಡೆಯಂತಲ್ಲ. ಊಟ ಹನ್ನೆರಡೂವರೆಯಿಂದ ಮೂರರೊಳಗೆ. ಮೂರು ದಾಟಿದರೆ ಒಳ್ಳೆಯ ಹೋಟೆಲುಗಳ ಅಡುಗೆಮನೆ ಮುಚ್ಚಿ, ಮತ್ತೆ ತೆರೆಯುವುದು ಏಳರ ಮೇಲೆ. ಅಂಗಡಿಗಳೂ ಮಧ್ಯಾಹ್ನ ಬಾಗಿಲು ಎಳೆದುಕೊಂಡು ನಿದ್ದೆ ಮಾಡುತ್ತವೆ. ಭಾನುವಾರ ಅರ್ಧ ಊರು ಮುಚ್ಚಿರುತ್ತದೆ. ಇದು ತಿಳಿಯದೆ ನಾಲ್ಕು ಗಂಟೆಗೆ ಹಸಿದುಕೊಂಡು ತಿರುಗುವವರಿಗೇ ಪನೀರ್ ಬಟರ್ ಮಸಾಲ ಗಂಟುಬೀಳುವುದು.

ಕಾಳಿನದಿ
ಕಾರವಾರದಿಂದ ಬರೆಯುತ್ತಿದ್ದೇನೆ, ನಮಗೆ ಪಣಜಿ ಪಕ್ಕದ ಮನೆ ಇದ್ದಂತೆ. ಸಂಪಿಗೆಯವರೇ, ಬೆಳಗಿನ ತಿಂಡಿಯಿಂದ ಶುರು ಮಾಡಿ. ಲಾಡ್ಜಿನಲ್ಲಿ ಉಚಿತವಾಗಿ ಕೊಡುವ ಬ್ರೆಡ್ಡು, ಜಾಮು ಮುಟ್ಟಬೇಡಿ. ಏಳೂವರೆ ಎಂಟರ ಹೊತ್ತಿಗೆ ಯಾವುದಾದರೂ ಹಳೆಯ ಕೆಫೆಗೆ ಹೋಗಿ, ಕೆಫೆ ಭೋಸಲೆ ಅಂಥದ್ದು. ಅಮೃತಶಿಲೆಯ ಹಾಸಿನ ಮೇಜು, ಪಕ್ಕದಲ್ಲಿ ಕಚೇರಿಗೆ ಹೊರಟವರು, ಗುರುತಿಲ್ಲದವರೂ ಒಂದೇ ಮೇಜಿನಲ್ಲಿ. ಅಲ್ಲಿ 'ಭಾಜಿ ಪಾವ್' ಕೇಳಿ. ಪಾವ್ ಭಾಜಿ ಅಲ್ಲ, ಅದು ಮುಂಬಯಿಯದು. ಪಾತಳ ಭಾಜಿ ಎಂದರೆ ಬಟಾಣಿಯ ತೆಳು ರಸ, ಸುಕಿ ಭಾಜಿ ಎಂದರೆ ಆಲೂಗಡ್ಡೆ ಪಲ್ಯ. ಎರಡನ್ನೂ ಬೆರೆಸಿ ಕೊಡಿ ಎಂದರೆ ಮಿಕ್ಸ್. ಜೊತೆಗೆ ಬನ್ಸ್, ಮಿರ್ಚಿ ಭಜಿ, ಗಾಜಿನ ಲೋಟದಲ್ಲಿ ಚಹಾ. ಎಲ್ಲವೂ ಸಸ್ಯಾಹಾರ. ಅತ್ತೆಯವರು ಖುಷಿಯಾಗದಿದ್ದರೆ ನನ್ನನ್ನು ಕೇಳಿ.

ಮೀನೂಟ
ಭಾಜಿ ಸರಿ, ಆದರೆ ಪಾವ್ ಬದಲು 'ಪೊಯ್' ಕೇಳುವುದನ್ನು ಹೇಳಲಿಲ್ಲವಲ್ಲ! ಗೋದಿ ಹೊಟ್ಟು ಉದುರಿಸಿದ, ಒಳಗೆ ಜೇಬಿನಂತೆ ಟೊಳ್ಳಾದ ರೊಟ್ಟಿ. ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ಬೆಳಿಗ್ಗೆ ಮತ್ತು ಸಂಜೆ ಪೊದೆರ್ ಅಂದರೆ ಬೇಕರಿಯವನು ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು, ರಬ್ಬರಿನ ಹಾರ್ನು ಒತ್ತುತ್ತಾ ಓಣಿ ಓಣಿ ತಿರುಗುತ್ತಾನೆ. ಬುಟ್ಟಿಯ ಮೇಲಿನ ಹಾಳೆ ಸರಿಸಿದಾಗ ಬರುವ ಹಬೆಯ ವಾಸನೆಯೊಂದೇ ಸಾಕು. ಹಿಂದೆ ಹಿಟ್ಟು ಹುಳಿ ಬರಿಸಲು ತೆಂಗಿನ ಕಳ್ಳು ಹಾಕುತ್ತಿದ್ದರು, ಈಗ ಹೆಚ್ಚಿನವರು ಯೀಸ್ಟ್ ಹಾಕುತ್ತಾರೆ.

ಊಟಕ್ಕೆ ಮೀನಿನ ಥಾಲಿ. 18 ಜೂನ್ ರಸ್ತೆಯ ರಿಟ್ಜ್ ಕ್ಲಾಸಿಕ್ ಹೆಸರುವಾಸಿ, ಒಂದು ಗಂಟೆಯ ಮೇಲೆ ಹೋದರೆ ನಿಲ್ಲಬೇಕು, ಹನ್ನೆರಡೂವರೆಗೇ ಹೋಗಿ. ಅನ್ನ, ಮೀನಿನ ಸಾರು, ರವೆ ಹಚ್ಚಿ ಕರಿದ ಮೀನು, ತಿಸ್ರ್ಯೊ ಎಂಬ ಚಿಪ್ಪಿನ ಸುಕ್ಕ, ಒಣ ಸಿಗಡಿಯ ಕಿಸ್ಮೂರ್, ಕೊನೆಗೆ ಸೋಲ್ ಕಡಿ, ಅಂದರೆ ಮುರುಗಲು, ತೆಂಗಿನ ಹಾಲಿನ ಪಾನೀಯ.

ಕಾಳಿನದಿ
ಗೋವಾ ಮೀನಿನ ಸಾರು ನಮ್ಮ ಕಾರವಾರದ್ದೇ. ಹೆಸರು ಮಾತ್ರ ಅವರದು.

ಮೀನೂಟ
ಅದು ಹೇಗೆ? ಬಂಗಡೆ ಸಾರಿಗೆ ತೆಫ್ಳಾಂ ಎಂಬ ಮಸಾಲೆ ಜಜ್ಜಿ ಹಾಕುವುದು ಗೋವಾದ ರೂಢಿ.

ಕಾಳಿನದಿ
ನಮ್ಮ ಅಜ್ಜಿಯೂ ಹಾಕುತ್ತಿದ್ದರು, ಅವರು ಗೋವಾದ ಗಡಿ ದಾಟಿದವರಲ್ಲ. ಅದೇ ಕಾಯಿ, ಅದೇ ಮುರುಗಲು ಹುಳಿ, ಅದೇ ಮೀನು. ಗಡಿ ಎಳೆದದ್ದು ಭೂಪಟದವರು, ಒಲೆಯ ಮುಂದೆ ಕುಳಿತವರಲ್ಲ.

ಜುಮ್ಮನಕಾಯಿ
ತೆಫ್ಳಾಂ ಎಂದರೆ ನಮ್ಮ ಶಿರಸಿ ಕಡೆಯ ಜುಮ್ಮನಕಾಯಿ. ನನ್ನ ಹೆಸರೇ ಅದು, ಆದ್ದರಿಂದ ಮಧ್ಯೆ ಬಾಯಿ ಹಾಕುವ ಹಕ್ಕು ನನಗಿದೆ. ಅದನ್ನು ಸಸ್ಯಾಹಾರಕ್ಕೂ ಹಾಕುತ್ತಾರೆ. ಖತ್‌ಖತೆ ಎಂಬ ಪದಾರ್ಥವಿದೆ. ಗೆಡ್ಡೆ, ಗೆಣಸು, ನುಗ್ಗೆ, ಕುಂಬಳ, ಮೆಕ್ಕೆಜೋಳ ಎಲ್ಲ ಸೇರಿಸಿ, ತೊಗರಿಬೇಳೆ, ತೆಂಗಿನಕಾಯಿ, ಕೊನೆಯಲ್ಲಿ ಜುಮ್ಮನಕಾಯಿ. ನಮ್ಮ ಹುಳಿಯ ಅಕ್ಕ ಎನ್ನಬಹುದು. ಇನ್ನೊಂದು ಅಳ್ಸಾಂದ್ಯಾಚೆಂ ತೊಂಡಾಕ್, ಅಂದರೆ ಅಲಸಂದೆಯ ಮಸಾಲೆ ಸಾರು, ಪೊಯ್ ಜೊತೆಗೆ. ಸಂಪಿಗೆಯವರ ಅತ್ತೆ ಅದನ್ನು ತಿಂದರೆ ಜೋಳದ ರೊಟ್ಟಿಯ ನೆನಪು ಬಂದೇ ಬರುತ್ತದೆ.

ಹೋಟೆಲಿನಲ್ಲಿ 'ವೆಜ್' ಎಂದು ಕೇಳಿದರೆ ಮತ್ತೆ ಪನೀರಿನ ಪಟ್ಟಿಯನ್ನೇ ಮುಂದಿಡುತ್ತಾರೆ. 'ಶಿವ್ರಾಕ್' ಎಂದು ಕೇಳಿ. ಕೊಂಕಣಿಯಲ್ಲಿ ಮೀನಿಲ್ಲದ ಊಟಕ್ಕೆ ಅದೇ ಮಾತು. ಗೋವಾದ ಅನೇಕ ಹಿಂದೂ ಮನೆಗಳಲ್ಲಿ ಸೋಮವಾರ ಶಿವ್ರಾಕ್. ನೀವು ಸೋಮವಾರವೂ ಅಲ್ಲಿರುತ್ತೀರಿ, ಅಂದು ಗೋವಾದ ಹಿಂದೂಗಳು ನಡೆಸುವ ಸಣ್ಣ ಊಟದ ಮನೆಗೆ ಹೋಗಿ. ಮೀನಿನ ಊಟವನ್ನು ಶನಿವಾರವೇ ಮುಗಿಸಿಕೊಳ್ಳಿ.

ಪಣಜಿವಾಸಿ
ಜುಮ್ಮನಕಾಯಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಇಷ್ಟು ವರ್ಷ ಇಲ್ಲಿದ್ದೂ ನಾನು ಈ ಮಾತನ್ನು ಮೊದಲು ಹೇಳಬೇಕೆಂದು ಹೊಳೆಯಲಿಲ್ಲ. ಇನ್ನೊಂದು, ಬೇಕರಿಯಲ್ಲಿ ತುಂಬು ಪಾವ್ ಕೊಂಡರೆ ಒಳಗೇನಿದೆ ಎಂದು ಕೇಳಿಯೇ ಅತ್ತೆಯವರಿಗೆ ಕೊಡಿ. ಶೊರೀಸ್ ಎಂದರೆ ಹಂದಿಮಾಂಸದ ಸಾಸೇಜು.

ಆಟಗಾರ
ಎಲ್ಲರೂ ಕ್ಯಾಸಿನೊ ಎಂದರೆ ಪಾಪದ ಕೂಪ ಎಂಬಂತೆ ಬರೆಯುತ್ತಿದ್ದೀರಿ. ನಾನು ವರ್ಷಕ್ಕೊಮ್ಮೆ ಹೋಗುತ್ತೇನೆ, ಇಷ್ಟೇ ಹಣ ಎಂದು ಮೊದಲೇ ಎಣಿಸಿಕೊಂಡು ಹೋಗುತ್ತೇನೆ, ಅದು ಮುಗಿದರೆ ಎದ್ದು ಬರುತ್ತೇನೆ. ಟಿಕೆಟ್ಟಿನಲ್ಲೇ ಊಟ, ಹಾಡು, ಕುಣಿತ ಎಲ್ಲ ಸೇರಿರುತ್ತದೆ. ಹೆಂಗಸರೂ ಬರುತ್ತಾರೆ. ಸಂಪಿಗೆಯವರು ಒಂದು ರಾತ್ರಿ ಜೊತೆಗೇ ಹೋದರೆ ಏನು ತಪ್ಪು?

ಸಂಪಿಗೆ
ತಪ್ಪೇನೂ ಇಲ್ಲ ಅಣ್ಣ. ಆದರೆ ಮಗಳನ್ನು ಎಲ್ಲಿ ಬಿಡಲಿ? 21 ತುಂಬದವರನ್ನು ಆಡುವ ಜಾಗಕ್ಕೆ ಬಿಡುವುದಿಲ್ಲ. ಅತ್ತೆಗೆ ಆ ಶಬ್ದ ಆಗಿಬರುವುದಿಲ್ಲ.

ಚೋರ್ಲಾ ಘಾಟು
ಆಟಗಾರರೇ, ಒಂದು ಸಂಗತಿ ಯೋಚಿಸಿ. 2020ರ ಫೆಬ್ರುವರಿಯಿಂದ ಗೋವಾದವರು ಕ್ಯಾಸಿನೊದಲ್ಲಿ ಆಡುವಂತಿಲ್ಲ ಎಂದು ಅಲ್ಲಿಯ ಸರ್ಕಾರವೇ ನಿಷೇಧ ಹಾಕಿದೆ. ತನ್ನ ಜನಕ್ಕೆ ಬೇಡ ಎಂದದ್ದನ್ನು ಹೊರಗಿನವರಿಗೆ ಇಟ್ಟುಕೊಂಡಿದೆ. ಅಲ್ಲಿ ಹಣ ಕಳೆಯುವವರು ನಾವೇ. ನಾನು ಬೆಳಗಾವಿಯಿಂದ ಪಣಜಿಗೆ ಬಾಡಿಗೆ ಗಾಡಿ ಓಡಿಸುತ್ತೇನೆ. ಹೋಗುವಾಗ ಹಾಡುತ್ತಾ ಹೋದವರು ಬರುವಾಗ ಘಾಟಿನುದ್ದಕ್ಕೂ ಒಂದು ಮಾತಾಡದೆ ಕುಳಿತದ್ದನ್ನು ಎಷ್ಟು ಸಲ ಕನ್ನಡಿಯಲ್ಲಿ ನೋಡಿದ್ದೇನೋ. ಒಬ್ಬರಂತೂ ಬಾಡಿಗೆಗೆಂದು ಕೈಗಡಿಯಾರ ಬಿಚ್ಚಿ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ.

ಆಟಗಾರ
ನಿಮ್ಮ ಅನುಭವ ಒಪ್ಪುತ್ತೇನೆ. ಎಲ್ಲರೂ ಹಾಗಿಲ್ಲ ಎಂದಷ್ಟೇ ನನ್ನ ಮಾತು.

ನಿವೃತ್ತ ಗ್ರಂಥಪಾಲಕ
ಸಂಪಿಗೆಯವರೇ, ನಿಮ್ಮ ಅತ್ತೆಯವರು ಮೂಲತಃ ಯಾವ ಊರಿನವರು? ಅದರ ಮೇಲೆ ಎಲ್ಲಿಗೆ ಕರೆದೊಯ್ಯಬೇಕು ಎಂದು ಹೇಳುತ್ತೇನೆ.

ಸಂಪಿಗೆ
ವಿಜಯಪುರ ಜಿಲ್ಲೆ, ಸಿಂದಗಿ ಹತ್ತಿರದ ಹಳ್ಳಿ ಸರ್.

ನಿವೃತ್ತ ಗ್ರಂಥಪಾಲಕ
ಹಾಗಾದರೆ ಮೊದಲು ನದಿ ದಂಡೆಯ ಹಳೆಯ ಸಚಿವಾಲಯದ ಮುಂದೆ ನಿಲ್ಲಿಸಿ. ಈಗಲೂ ಅದಕ್ಕೆ ಆದಿಲ್ ಶಾಹನ ಅರಮನೆ ಎಂದೇ ಹೆಸರು. ವಿಜಯಪುರದ ಯೂಸುಫ್ ಆದಿಲ್ ಶಾಹ ಕಟ್ಟಿಸಿದ ಬೇಸಿಗೆ ಅರಮನೆ ಅದು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು, ಮುಂದೆ ಅದೇ ಕಟ್ಟಡ ವೈಸರಾಯರ ವಾಸಸ್ಥಾನವಾಯಿತು. ಪಕ್ಕದಲ್ಲೇ ಅಬ್ಬೆ ಫಾರಿಯಾ ಪ್ರತಿಮೆ. ಒಬ್ಬ ಪಾದ್ರಿ ಕೈಚಾಚಿ ನಿಂತಿದ್ದಾನೆ, ಮುಂದೆ ಒಬ್ಬ ಹೆಂಗಸು ಬೀಳುವಂತಿದ್ದಾಳೆ. ನೋಡಿದವರು ಗಾಬರಿಯಾಗುತ್ತಾರೆ. ಅವನು ಸಂಮೋಹನ ವಿದ್ಯೆಯನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ಒಬ್ಬ, 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿದವನು. ನಿಮ್ಮ ಮಗಳು ಚಿತ್ರ ಬಿಡಿಸುತ್ತಾಳಲ್ಲ, ಆ ಕೈಗಳನ್ನು ಬಿಡಿಸಲಿ.

ಭಾನುವಾರ ಹಳೆ ಗೋವಾಕ್ಕೆ ಹೋಗಿ. ಬೋಮ್ ಜೀಸಸ್ ಚರ್ಚನ್ನೂ ಸೆ ಕೆಥೆಡ್ರಲನ್ನೂ ಎಲ್ಲರೂ ನೋಡುತ್ತಾರೆ, ನೋಡಲೇಬೇಕು. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುವುದರಿಂದ ಪ್ರವಾಸಿಗರಿಗೆ ಸ್ವಲ್ಪ ತಡವಾಗಿ ಬಿಡುತ್ತಾರೆ. ಆದರೆ ನಮ್ಮವರು ನೋಡದೆ ಬರುವ ಒಂದು ಜಾಗವಿದೆ. ಸಂತ ಫ್ರಾನ್ಸಿಸ್ ಅಸಿಸಿ ಚರ್ಚಿಗೆ ಸೇರಿದ ಮಠದಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ, ಶುಕ್ರವಾರ ರಜೆ. ಅಲ್ಲಿ ಕದಂಬರ ಕಾಲದ ವೀರಗಲ್ಲುಗಳಿವೆ. ಹಡಗಿನ ಕಾಳಗ ಕೆತ್ತಿದ ಕಲ್ಲು ನೋಡಿ. ಹಡಗು, ಹುಟ್ಟು ಹಾಕುವವರು, ಬಿಲ್ಲಾಳುಗಳು. ನಮ್ಮ ಊರುಗಳ ವೀರಗಲ್ಲಿನಲ್ಲಿ ಕುದುರೆ, ದನ, ಕತ್ತಿ ಕಂಡು ಅಭ್ಯಾಸವಾದವರಿಗೆ ಅದು ಬೇರೆಯೇ ಲೋಕ. ಗೋವೆಯ ಕದಂಬರು ಕನ್ನಡ ಶಾಸನ ಬರೆಸಿದವರು. ಅಲ್ಲಿಯ ಸರ್ಕಾರಿ ಬಸ್ಸಿನ ಮೇಲೆ 'ಕದಂಬ' ಎಂದು ಬರೆದಿರುವುದು ಅವರ ಹೆಸರೇ.

ತಿರುಗಾಟ
ಕದಂಬರ ಮಾತು ಬಂತಲ್ಲ, ತಾಂಬ್ಡಿ ಸುರ್ಲಾದ ಮಹಾದೇವ ದೇವಾಲಯಕ್ಕೂ ಹೋಗಿ. 12ನೇ ಶತಮಾನದ್ದು. ಪಣಜಿಯಿಂದ ಒಂದು ಗಂಟೆಯಲ್ಲಿ ಮುಟ್ಟಬಹುದು, ಬಸ್ಸೂ ಇದೆ.

ಚೋರ್ಲಾ ಘಾಟು
ಕ್ಷಮಿಸಿ, ಹಾಗೆ ಹೇಳಿ ಅವರಿಗೆ ತೊಂದರೆ ಮಾಡಬೇಡಿ. ಪಣಜಿಯಿಂದ ಸುಮಾರು 65 ಕಿಲೋಮೀಟರು, ಕಾಡಿನ ದಾರಿ, ಒಂದು ಗಂಟೆಯಲ್ಲಿ ಆಗುವುದಿಲ್ಲ. ಬಸ್ಸು ನಂಬಿಕೊಂಡು ಹೋದರೆ ವಾಪಸು ಬರುವುದು ಕಷ್ಟ. ಸೋಮವಾರ ಹುಬ್ಬಳ್ಳಿಗೆ ಗಂಡಸರ ಕಾರಿನಲ್ಲಿ ಹೊರಡುವುದಾದರೆ ಮೊಲೆಮ್, ಅನಮೋಡ ಘಾಟಿನ ದಾರಿ ಹಿಡಿಯಿರಿ, ಮೊಲೆಮ್ ಹತ್ತಿರ ತಿರುಗಿಕೊಂಡರೆ ದೇವಸ್ಥಾನ. ಮಧ್ಯಾಹ್ನವೇ ಹೊರಟರೆ ಬೆಳಕಿರುವಾಗ ಮುಟ್ಟುತ್ತೀರಿ. ಕರಿ ಬಸಾಲ್ಟ್ ಕಲ್ಲಿನ ಗುಡಿ. ಆ ಕಲ್ಲು ಅಲ್ಲಿಯದಲ್ಲ, ಘಟ್ಟದ ಮೇಲಿನಿಂದ ತಂದದ್ದು ಎನ್ನುತ್ತಾರೆ. ನಮ್ಮ ಕಡೆಯ ಗುಡಿಗಳನ್ನು ನೋಡಿದವರಿಗೆ ಆ ಕಂಬಗಳು ನೆಂಟರ ಮನೆಯಂತೆ ಕಾಣುತ್ತವೆ.

ತಿರುಗಾಟ
ಒಪ್ಪಿದೆ. ನಾನು ಹೋದದ್ದು ಬೈಕಿನಲ್ಲಿ, ದೂರ ಗೊತ್ತಾಗಲಿಲ್ಲ. ಬಸ್ಸಿನ ಮಾತು ಕೇಳಿ ತಿಳಿದದ್ದು.

ಹಕ್ಕಿಮರಿ
ಮಗಳಿಗಾಗಿ ಒಂದು ಸಲಹೆ: ರಿಬಂದರ್‌ನಿಂದ ಫೆರಿ ಹಿಡಿದು ಚೋಡಣ್ ದ್ವೀಪಕ್ಕೆ ಹೋಗಿ, ದಾಟಿದ ಕೂಡಲೇ ಸಲೀಂ ಅಲಿ ಪಕ್ಷಿಧಾಮ. ಕಾಂಡ್ಲಾ ಕಾಡಿನ ನಡುವೆ ನೀರು. ಬೆಳಿಗ್ಗೆ ಬೇಗ ಹೋದರೆ ಮಿಂಚುಳ್ಳಿ, ಬೆಳ್ಳಕ್ಕಿ, ಕೆಸರಲ್ಲಿ ಹೊರಳುವ ಕೆಸರುಮೀನು. ಪಣಜಿಯಿಂದ ರಿಬಂದರ್‌ಗೆ ಹೋಗುವ ರಸ್ತೆಯನ್ನೂ ನೋಡುತ್ತಾ ಹೋಗಿ, ಅದು 1630ರ ದಶಕದಲ್ಲಿ ಕಟ್ಟಿದ ಸೇತುವೆ ದಾರಿ, ಮೂರು ಕಿಲೋಮೀಟರಿನಷ್ಟು ಉದ್ದ. ಒಂದು ಕಡೆ ಮಾಂಡೋವಿ ನದಿ, ಇನ್ನೊಂದು ಕಡೆ ಉಪ್ಪಿನ ಗದ್ದೆ.

ಸಂಪಿಗೆ
ಫೆರಿ ಎಂದರೆ ಅತ್ತೆಗೆ ಹತ್ತಲು ಆಗುತ್ತದೆಯೇ? ದೋಣಿ ಎಂದರೆ ಹೆದರುತ್ತಾರೆ.

ಹಕ್ಕಿಮರಿ
ದೋಣಿಯಲ್ಲ ಅಕ್ಕ, ಕಾರು, ಬೈಕು ಎಲ್ಲ ಹತ್ತುವ ಅಗಲವಾದ ಕಬ್ಬಿಣದ ತಟ್ಟೆಯಂಥದ್ದು. ಮುಂದಿನ ಹಲಗೆ ದಡಕ್ಕೆ ಇಳಿಯುತ್ತದೆ, ಮೆಟ್ಟಿಲಿಲ್ಲ, ಇಳಿಜಾರಿನಲ್ಲಿ ನಡೆದುಕೊಂಡೇ ಹೋಗಬಹುದು. ಅಲೆ ಬಂದು ಇಳಿಜಾರು ಒದ್ದೆಯಾಗಿರುತ್ತದೆ, ಕೈ ಹಿಡಿದುಕೊಳ್ಳಿ.

ಪಣಜಿವಾಸಿ
ಸಂಜೆ ಹೊತ್ತಿಗೆ ಹಣ ಕೊಟ್ಟು ಹತ್ತುವ ವಿಹಾರ ದೋಣಿಗಳಿವೆ, ಕಿವಿ ಒಡೆಯುವ ಧ್ವನಿವರ್ಧಕ, ಮೇಲೆ ಕುಣಿತ. ಅದರ ಬದಲು ಪಣಜಿಯಿಂದ ಎದುರು ದಡದ ಬೇತಿಗೆ ಫೆರಿಯಲ್ಲಿ ಹೋಗಿ ಬನ್ನಿ. ಐದಾರು ನಿಮಿಷದ ದಾರಿ. ಸೂರ್ಯ ಮುಳುಗುವಾಗ ಕೆಲಸ ಮುಗಿಸಿದ ಜನ, ಸೈಕಲ್ಲು, ಮೀನಿನ ಬುಟ್ಟಿಗಳ ಮಧ್ಯೆ ನಿಂತು ನದಿ ನೋಡುವುದಿದೆಯಲ್ಲ, ಹದಿನೈದು ವರ್ಷದಿಂದ ನೋಡುತ್ತಿದ್ದೇನೆ, ನನಗೆ ಇನ್ನೂ ಸಾಕಾಗಿಲ್ಲ.

ಮಲಪ್ರಭೆ
ಮಾಂಡೋವಿ ಮಾಂಡೋವಿ ಎನ್ನುತ್ತಿದ್ದೀರಿ. ಅದು ನಮ್ಮ ಮಹದಾಯಿ! ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ನದಿ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಕೇಳಿದರೆ ಜಗಳ, ಅದೇ ನೀರಿನ ಮೇಲೆ ಜೂಜಿನ ಹಡಗು ನಿಲ್ಲಿಸಲು ಅಡ್ಡಿಯಿಲ್ಲ.

ಚೋರ್ಲಾ ಘಾಟು
2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಕಾಗದದ ಮೇಲೆ.

ಪಣಜಿವಾಸಿ
ಗೋವಾದವರ ಆತಂಕವನ್ನೂ ಕೇಳಬೇಕು. ಮೇಲೆ ನೀರು ತಿರುಗಿಸಿದರೆ ಕೆಳಗೆ ಉಪ್ಪುನೀರು ಒಳನುಗ್ಗುತ್ತದೆ ಎಂಬ ಭಯ ಇಲ್ಲಿಯ ರೈತರಿಗಿದೆ. ಎರಡೂ ಕಡೆ ಅನ್ನ ತಿಂದವನು ನಾನು, ಈ ಮಾತಿಗೆ ಬಂದಾಗ ನನಗೆ ಸಂಕಟವಾಗುತ್ತದೆ.

ಮಲಪ್ರಭೆ
ಸಂಕಟ ನಿಮಗೆ, ಬಾಯಾರಿಕೆ ನಮಗೆ. ನವಲಗುಂದ, ನರಗುಂದದ ಜನ ವರ್ಷಗಟ್ಟಲೆ ಧರಣಿ ಕುಳಿತದ್ದು ಆಟಕ್ಕಲ್ಲ.

ನಿರ್ವಾಹಕ
ಮಹದಾಯಿಗೆ ಬೇರೆ ಎಳೆ ಇದೆ, ಚರ್ಚೆ ಅಲ್ಲಿ ಮುಂದುವರಿಯಲಿ. ಇಲ್ಲಿ ಸಂಪಿಗೆಯವರ ಪ್ರಶ್ನೆಗೆ ಉತ್ತರಿಸಿ.

ಬೆಂಗಳೂರು ದಕ್ಷಿಣ
ಫೊಂಟೈನ್ಹಾಸ್ ಯಾರೂ ಹೇಳಲಿಲ್ಲವಲ್ಲ. ಹಳದಿ, ನೀಲಿ, ಕೆಂಪು ಬಣ್ಣದ ಹಳೆಯ ಪೋರ್ಚುಗೀಸ್ ಮನೆಗಳು. ಫೋಟೊಗೆ ಅದ್ಭುತ ಜಾಗ. ನಾವು ಹೋದಾಗ ಒಂದು ಮನೆಯ ಬಾಲ್ಕನಿಯ ಮೆಟ್ಟಿಲ ಮೇಲೆ ಕುಳಿತು ನೂರು ಫೋಟೊ ತೆಗೆದಿದ್ದೆವು.

ಪಣಜಿವಾಸಿ
ನೀವು ಕುಳಿತ ಮೆಟ್ಟಿಲು ಯಾರದೋ ಮನೆಯದು. ಒಳಗೆ ಮುದುಕರಿರುತ್ತಾರೆ, ಮಧ್ಯಾಹ್ನ ಮಲಗಿರುತ್ತಾರೆ. ದಿನಕ್ಕೆ ಇನ್ನೂರು ಜನ ಬಂದು ಬಾಗಿಲಿಗೆ ಒರಗಿ ನಿಂತರೆ ನಿಮಗೆ ಹೇಗಾಗುತ್ತದೆ? ಫೋಟೊ ತೆಗೆಯಬೇಡಿ ಎಂದು ಅಲ್ಲಿಯ ನಿವಾಸಿಗಳು ಗೋಡೆಗೆ ಫಲಕ ಹಾಕಿಕೊಂಡಿದ್ದಾರೆ. ನನ್ನ ಮಾತು ಒರಟಾಯಿತು ಎನಿಸಿದರೆ ಕ್ಷಮಿಸಿ, ಆದರೆ ಇದನ್ನು ಹೇಳದಿರಲಾರೆ.

ಬೆಂಗಳೂರು ದಕ್ಷಿಣ
ನಿಜ, ನಮಗೆ ಅದು ಹೊಳೆಯಲಿಲ್ಲ. ಮುಂದಿನ ಸಲ ಹಾಗೆ ಮಾಡುವುದಿಲ್ಲ.

ಪಣಜಿವಾಸಿ
ಸಂಪಿಗೆಯವರೇ, ಆ ಓಣಿಗೆ ಖಂಡಿತ ಹೋಗಿ, ಬೆಳಿಗ್ಗೆ ಎಂಟಕ್ಕೆ ಮುಂಚೆ. ನೆಲ ಸಮತಟ್ಟು, ಅತ್ತೆಯವರಿಗೆ ಕಷ್ಟವಿಲ್ಲ. ಮಳೆಗಾಲ ಮುಗಿದ ಮೇಲೆ ಮನೆಗೆ ಹೊಸ ಬಣ್ಣ ಬಳಿಯುವುದು ಅಲ್ಲಿಯ ಹಳೆಯ ರೂಢಿ. ಬಿಳಿ ಬಣ್ಣ ಚರ್ಚಿಗೆ ಮೀಸಲು. ಕೊನೆಯಲ್ಲಿ ಸಂತ ಸೆಬಾಸ್ಟಿಯನ್ ಚಾಪೆಲ್ ಇದೆ. ಅಲ್ಲಿಯ ಶಿಲುಬೆಯ ಮೇಲೆ ಕ್ರಿಸ್ತನ ಕಣ್ಣು ತೆರೆದಿದೆ, ಸಾಮಾನ್ಯವಾಗಿ ಮುಚ್ಚಿರುತ್ತದೆ. ಬಾಗಿಲು ತೆರೆದಿದ್ದರೆ ನೋಡಿ. ಮಗಳು ಎದುರಿನ ಕಟ್ಟೆಯ ಮೇಲೆ ಕುಳಿತು ಚಿತ್ರ ಬಿಡಿಸಲಿ, ಯಾರೂ ಬೇಡ ಎನ್ನುವುದಿಲ್ಲ. 31 ಜನವರಿ ರಸ್ತೆಯಲ್ಲಿ ಹಳೆಯ ಮಿಠಾಯಿ ಬೇಕರಿ ಇದೆ. ಬೆಬಿಂಕಾ ಕೊಳ್ಳಿ, ಪದರದ ಮೇಲೆ ಪದರ ಸುಟ್ಟು ಮಾಡುವ ಸಿಹಿ. ಮೊಟ್ಟೆ ಇರುತ್ತದೆ, ಅತ್ತೆಯವರಿಗೆ ದೊದೊಲ್ ತೆಗೆದುಕೊಳ್ಳಿ. ಅದು ತೆಂಗಿನ ಹಾಲು, ಬೆಲ್ಲ, ಅಕ್ಕಿಹಿಟ್ಟು, ನಮ್ಮ ಹಾಲುಬಾಯಿಯ ಕರಿಯ ತಮ್ಮ.

ಮಂಗಳೂರು ಬಂದರು
ಭಾನುವಾರ ಸಂಜೆ ತಿಯಾತ್ರ್ ನೋಡಿ! ಕೊಂಕಣಿ ನಾಟಕ. 1892ರಲ್ಲಿ ಮುಂಬಯಿಯಲ್ಲಿ ಶುರುವಾದದ್ದು, ಇಂದಿಗೂ ಹಣ ಕೊಟ್ಟು ಜನ ತುಂಬಿ ನೋಡುತ್ತಾರೆ. ನಾಟಕದ ನಡುವೆ ಕಥೆಗೆ ಸಂಬಂಧವೇ ಇಲ್ಲದ ಹಾಡುಗಳು, ಮಂತ್ರಿಗಳನ್ನು ಹೆಸರು ಹಿಡಿದು ಟೀಕಿಸುತ್ತಾರೆ, ಜನ ಮತ್ತೆ ಹಾಡಿ ಎಂದು ಕೂಗುತ್ತಾರೆ. ಕಲಾ ಅಕಾಡೆಮಿಯ ಫಲಕ ನೋಡಿ. ಆ ಕಟ್ಟಡವೂ ನೋಡುವಂಥದ್ದೇ, ಚಾರ್ಲ್ಸ್ ಕೊರಿಯಾ ವಿನ್ಯಾಸ, ಹಿಂದೆ ನದಿ.

ಕಾಳಿನದಿ
ಹುಬ್ಬಳ್ಳಿಯವರಿಗೆ ಕೊಂಕಣಿ ಹೇಗೆ ಅರ್ಥವಾಗಬೇಕು?

ಮಂಗಳೂರು ಬಂದರು
ನಮ್ಮ ಕೊಂಕಣಿಗೂ ಗೋವಾದ್ದಕ್ಕೂ ವ್ಯತ್ಯಾಸವಿದೆ, ನನಗೂ ಎಲ್ಲ ಅರ್ಥವಾಗುವುದಿಲ್ಲ. ಆದರೂ ನಕ್ಕಿದ್ದೇನೆ. ಕೃಷ್ಣ ಪಾರಿಜಾತ ನೋಡಿ ಬೆಳೆದ ಉತ್ತರ ಕರ್ನಾಟಕದವರಿಗೆ ಆಟದ ಗತ್ತು ತಿಳಿಯದೇ ಇರುತ್ತದೆಯೇ?

ನಿವೃತ್ತ ಗ್ರಂಥಪಾಲಕ
ನನ್ನ ವೃತ್ತಿಯ ಮಾತು ಒಂದು. ಪಣಜಿಯ ಪಾಟ್ಟೊ ಎಂಬಲ್ಲಿ ಕೃಷ್ಣದಾಸ ಶಾಮಾ ಕೇಂದ್ರ ಗ್ರಂಥಾಲಯವಿದೆ. 1832ರಲ್ಲಿ ಆರಂಭವಾದದ್ದು, ದೇಶದ ಅತಿ ಹಳೆಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಒಂದು. ಬಸ್ ನಿಲ್ದಾಣದಿಂದ ದೂರವಿಲ್ಲ. ಬಿಸಿಲು ಹೆಚ್ಚಾದಾಗ ಮಗಳನ್ನು ಕರೆದುಕೊಂಡು ಹೋಗಿ, ತಣ್ಣಗೆ ಕುಳಿತುಕೊಳ್ಳಬಹುದು.

ಚೋರ್ಲಾ ಘಾಟು
ಓಡಾಟದ ಬಗ್ಗೆ: ಹಳೆ ಗೋವಾಕ್ಕೆ ಬಸ್ ನಿಲ್ದಾಣದಿಂದ ಆಗಾಗ ಬಸ್ಸು. ವಾಪಸು ಬರುವಾಗ ಕಂಡಕ್ಟರುಗಳು 'ಪೊಣ್ಜೆ, ಪೊಣ್ಜೆ' ಎಂದು ಕೂಗುತ್ತಾರೆ, ಅದೇ ಪಣಜಿ, ಗೊಂದಲಪಡಬೇಡಿ. ಹಳದಿ ಕಪ್ಪು ಬಣ್ಣದ ಬೈಕಿನವರಿಗೆ ಪೈಲಟ್ ಎನ್ನುತ್ತಾರೆ, ಅದು ಬಾಡಿಗೆ ಬೈಕು, ಒಬ್ಬರಿಗೆ ಸರಿ, ನಿಮ್ಮ ಅತ್ತೆಯವರಿಗೆ ಬೇಡ. ರಿಕ್ಷಾದವರ ಜೊತೆ ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ.

ಸಂಪಿಗೆ
ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಎಲ್ಲವನ್ನೂ ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ಹೋಗಿ ಬಂದು ತಿಳಿಸುತ್ತೇನೆ.

ಸಂಪಿಗೆ
ಹೋಗಿ ಬಂದೆವು! ಮೊನ್ನೆ ರಾತ್ರಿ ಮನೆ ಮುಟ್ಟಿದೆವು, ನಿನ್ನೆಯೆಲ್ಲ ಬಟ್ಟೆ ಒಗೆಯುವುದೇ ಆಯಿತು, ಈಗ ಬರೆಯಲು ಕುಳಿತೆ.

ಶನಿವಾರ ಬೆಳಿಗ್ಗೆ ಭಾಜಿ ಪಾವ್. ಅತ್ತೆ ಮೊದಲು ಅನುಮಾನದಿಂದ ಪೊಯ್ ಮುರಿದು ಮೂಸಿ ನೋಡಿದರು. ಆಮೇಲೆ ಪಾತಳ ಭಾಜಿಯಲ್ಲಿ ಅದ್ದಿ ಎರಡು ಮುಗಿಸಿ, 'ಇನ್ನೊಂದು ಹೇಳು' ಎಂದರು. ನಮ್ಮ ಮೇಜಿನಲ್ಲಿದ್ದ ಅಜ್ಜಿಯೊಬ್ಬರು ಕೊಂಕಣಿಯಲ್ಲಿ, ಅತ್ತೆ ಕನ್ನಡದಲ್ಲಿ, ಹದಿನೈದು ನಿಮಿಷ ಮಾತಾಡಿದರು. ಇಬ್ಬರಿಗೂ ಮಂಡಿನೋವು ಎಂಬುದು ಮಾತ್ರ ಪರಸ್ಪರ ತಿಳಿಯಿತು. ಮಧ್ಯಾಹ್ನ ಮೀನಿನ ಥಾಲಿ, ಹನ್ನೆರಡೂವರೆಗೇ ಹೋದ್ದರಿಂದ ಕೂಡಲೇ ಜಾಗ ಸಿಕ್ಕಿತು. ಕಿಸ್ಮೂರ್ ಮಗಳಿಗೆ ಹಿಡಿಸಲಿಲ್ಲ, ನಾನೇ ಎರಡೂ ತಿಂದೆ.

ಭಾನುವಾರ ವೀರಗಲ್ಲು. ಗ್ರಂಥಪಾಲಕರೇ, ನಿಮಗೆ ಹೇಗೆ ಧನ್ಯವಾದ ಹೇಳಲಿ. ಅತ್ತೆ ಚರ್ಚುಗಳಲ್ಲಿ ಕೈಮುಗಿದು ಸುಮ್ಮನೆ ಬಂದರು. ಆ ಕಲ್ಲಿನ ಮುಂದೆ ಮಾತ್ರ ನಿಂತೇಬಿಟ್ಟರು. 'ನಮ್ಮೂರ ಹನುಮಪ್ಪನ ಗುಡಿ ಮುಂದೆ ಹೀಗೇ ಒಂದಿದೆ. ಮೇಲೆ ಲಿಂಗ, ಪಕ್ಕದಲ್ಲಿ ಸೂರ್ಯ ಚಂದ್ರ. ಅದರಲ್ಲಿ ಹಡಗಿಲ್ಲ' ಎಂದರು. ಮಗಳು ಹುಟ್ಟು ಹಾಕುವವರನ್ನು ಒಬ್ಬೊಬ್ಬರನ್ನಾಗಿ ಎಣಿಸಿ ಚಿತ್ರ ಬಿಡಿಸಿದಳು. ಅತ್ತೆ ಪಕ್ಕದಲ್ಲಿ ನಿಂತು, ಒಂದು ತಲೆ ಬಿಟ್ಟುಹೋಗಿದೆ ನೋಡು ಎಂದು ತಿದ್ದಿಸಿದರು.

ಫೆರಿಯಲ್ಲಿ ಹೋಗುವಾಗ ಅತ್ತೆ ನನ್ನ ಕೈ ಹಿಡಿದಿದ್ದರು, ಬರುವಾಗ ಹಿಡಿಯಲಿಲ್ಲ. ತಿಯಾತ್ರ್ ಆಗಲಿಲ್ಲ, ಟಿಕೆಟ್ ಮುಗಿದಿತ್ತು. ಪಕ್ಷಿಧಾಮಕ್ಕೂ ಹೋಗಲಾಗಲಿಲ್ಲ, ಮಗಳಿಗೆ ಎಚ್ಚರವಾಗಲಿಲ್ಲ. ಸೋಮವಾರ ಬೆಳಿಗ್ಗೆ ಆರೂವರೆಗೆ ನಾವು ಫೊಂಟೈನ್ಹಾಸ್‌ಗೆ ಹೊರಟಾಗ ಯಜಮಾನರು ಕಣ್ಣುಜ್ಜಿಕೊಳ್ಳುತ್ತಾ ಚಪ್ಪಲಿ ಮೆಟ್ಟಿ ಜೊತೆಗೆ ಬಂದರು. ಎಷ್ಟು ಕಳೆದರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಓಣಿಯಲ್ಲಿ ಪೊದೆರ್ ಸಿಕ್ಕ, ಅವನ ಹಾರ್ನು ಒತ್ತಿ ನೋಡಲು ಮಗಳಿಗೆ ಬಿಟ್ಟ. ಶಿವ್ರಾಕ್ ಎಂದು ಕೇಳಿದ್ದಕ್ಕೆ ಮಧ್ಯಾಹ್ನ ಖತ್‌ಖತೆ ಸಿಕ್ಕಿತು. ಜುಮ್ಮನಕಾಯಿಯವರೇ, ಅತ್ತೆ ಕಾಯಿಯ ಸಿಪ್ಪೆ ಕಚ್ಚಿ ನಾಲಿಗೆ ಜುಮ್ಮೆಂದಿತು ಎಂದು ಇಡೀ ದಾರಿ ಹೇಳುತ್ತಿದ್ದರು. ತಾಂಬ್ಡಿ ಸುರ್ಲಾಕ್ಕೆ ಹೊತ್ತು ಸಾಲಲಿಲ್ಲ.

ಈಗ ಒಂದು ಸಣ್ಣ ಪ್ರಶ್ನೆ. ಒಂದು ಡಜನ್ ಪೊಯ್ ತಂದಿದ್ದೆ, ಇಂದು ಬೆಳಿಗ್ಗೆಗೆ ಹಲಗೆಯಂತಾಗಿದೆ. ಅತ್ತೆ ಬಿಸಾಡಲು ಬಿಡುತ್ತಿಲ್ಲ. ಏನು ಮಾಡಲಿ?

ಜುಮ್ಮನಕಾಯಿ
ಅದು ಕಚ್ಚುವುದಕ್ಕಲ್ಲ ಅಕ್ಕ, ಸಿಪ್ಪೆ ಪಕ್ಕಕ್ಕಿಡಬೇಕಿತ್ತು! ಹೇಳಲು ಮರೆತೆ.

ಮೀನೂಟ
ಪೊಯ್ ಮೇಲೆ ನೀರು ಚಿಮುಕಿಸಿ, ಕಾದ ತವೆಯ ಮೇಲಿಟ್ಟು ತಟ್ಟೆ ಮುಚ್ಚಿ, ಎರಡು ನಿಮಿಷ. ಮಗುಚಿ ಇನ್ನೊಂದು ನಿಮಿಷ. ಬಿಸಿಯಿರುವಾಗಲೇ ತಿನ್ನಬೇಕು, ಆರಿದರೆ ಮತ್ತೆ ಹಲಗೆ.

ಸಂಪಿಗೆ
ಆಯಿತು! ಅಲಸಂದೆ ನೆನೆಹಾಕಿದ್ದೇನೆ. ತೊಂಡಾಕಿಗೆ ಕೊತ್ತಂಬರಿ ಬೀಜ ಹುರಿಯಬೇಕೋ, ಹಸಿಯದೇ ಹಾಕಬೇಕೋ?

ಕಾಳಿನದಿ
ಹುರಿಯಿರಿ. ಕಾಯಿಯನ್ನೂ ಕೆಂಪಗೆ ಹುರಿಯಿರಿ.